ಸೈರನ್ನನ್ನು ಮಲಗಿಸಿದ ಪುಸ್ತಕ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಗ್ರಂಥಾಲಯಗಳಿಂದ ಬಡಮಕ್ಕಳಿಗೆ ಏನು ಉಪಕಾರ ಎಂದು ತಿಳಿದವರು ದೊಡ್ಡ ದೊಡ್ಡ ಮಾತು ಹೇಳಿದ್ದಾರೆ. ಇಲ್ಲಿರುವುದು ಒಂದು ಕೂಸು ಮಲಗಿದ ಸಂಗತಿ, ಅಷ್ಟೆ. ಅದೂ ಪೂರ್ತಿ ಗೊತ್ತಿಲ್ಲ. ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಕೂಸಿಗೆ ಓಣಿಯವರಿಟ್ಟ ಹೆಸರು ಸೈರನ್. ಹಲ್ಲಿನ್ನೂ ಬಂದಿರಲಿಲ್ಲ, ಆದರೆ ಬಾಯಿ ತೆರೆದರೆ ಪಕ್ಕದ ಓಣಿಯ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗುವ ಕೆಲಸ ಅಕ್ಕನದು. ಅಕ್ಕ ಎಂದರೆ ಐದನೇ ಕ್ಲಾಸಿನ ಹುಡುಗಿ. ಅವಳು ಸ್ಕೂಲು ಮುಗಿಸಿ ಬರುವುದನ್ನೇ ಕಾದಿದ್ದು, ಅಮ್ಮ ಕೂಸನ್ನು ಅವಳ ಕೈಗಿಟ್ಟು, ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಓಡುತ್ತಿದ್ದಳು. ತಿರುಗಿ ಬರುವುದು ಕತ್ತಲಾದ ಮೇಲೆ. ಮನೆಯಲ್ಲೇ ಇರೋಣವೆಂದರೆ ಇದ್ದದ್ದೇ ಒಂದು ಕೋಣೆ, ತಗಡಿನ ಗೋಡೆ. ಗೋಡೆಯಾಚೆ ರಾತ್ರಿಪಾಳಿಯ ವಾಚ್‌ಮನ್ ಹಗಲಲ್ಲಿ ಮಲಗುತ್ತಿದ್ದ. ಕೂಸು ಅತ್ತರೆ ಅವನು ಗೋಡೆಗೆ ಗುದ್ದುತ್ತಿದ್ದ, ಗುದ್ದಿದರೆ ತಗಡು ಗುಡುಗುತ್ತಿತ್ತು, ತಗಡು ಗುಡುಗಿದರೆ ಸೈರನ್ ಇನ್ನೂ ಜೋರು.

ಹೀಗೆ ಬಿಸಿಲಲ್ಲಿ ಬೀದಿ ಅಳೆಯುತ್ತಾ ಅಕ್ಕ ಒಂದು ದಿನ ಸಾರ್ವಜನಿಕ ಗ್ರಂಥಾಲಯ ಹೊಕ್ಕಳು. ಒಳಗೆ ಫ್ಯಾನಿತ್ತು, ಬೆಂಚಿತ್ತು, ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಮಕ್ಕಳ ಕಪಾಟಿನಲ್ಲಿ ಕಡಲತೀರದ ದೀಪಸ್ತಂಭದ ಹುಡುಗಿಯೊಬ್ಬಳ ಕಥೆ ಸಿಕ್ಕಿತು, ಇಟ್ಟಿಗೆಯಷ್ಟು ದಪ್ಪ. ಕಥೆಯಲ್ಲಿ ಅಪ್ಪನಿಗೆ ಜ್ವರ ಬಂದು, ದೀಪ ನೋಡಿಕೊಳ್ಳುವ ಭಾರ ಹುಡುಗಿಯ ಮೇಲೆ ಬೀಳುವಷ್ಟರಲ್ಲಿ ಸೈರನ್ ಕೂಗಿತು.

ಲೈಬ್ರರಿ ಸಾರ್ ಎದ್ದು ಬಂದರು. ಭಾರಿ ನಿಯಮದ ಮನುಷ್ಯ. ಗೋಡೆಯ ಮೇಲೆ ಕಟ್ಟುಹಾಕಿಸಿ ತೂಗಿಬಿಟ್ಟಿದ್ದ ನಿಯಮಗಳನ್ನು ಬರೆದವರೂ ಅವರೇ. ಒಂದೊಂದು ವಾಕ್ಯವೂ ಗೂಡ್ಸ್ ರೈಲಿನ ಹಾಗೆ, ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಡಬ್ಬಿ. ಕೂಸು ಸುಮ್ಮನಿದ್ದರೆ ಇರು, ಇಲ್ಲವೇ ಹೊರಡು ಎಂದರು. ಪುಸ್ತಕವನ್ನು ಮನೆಗೆ ಒಯ್ಯಬೇಕಾದರೆ ಅಮ್ಮನೇ ಬಂದು ರುಜು ಹಾಕಬೇಕಂತೆ. ಅಮ್ಮನಿಗೆ ಬಿಡುವಾಗುವ ಹೊತ್ತಿಗೆ ಲೈಬ್ರರಿಗೆ ಬೀಗ. ಅಂದರೆ ಕಥೆ ಬೇಕಾದರೆ ಸೈರನ್ ಇಲ್ಲೇ ಮಲಗಬೇಕು.

ಕಂಗಾಲಾದ ಅಕ್ಕ ಹತ್ತಿರದ ಕಪಾಟಿನಿಂದ ಕೈಗೆ ಬಂದದ್ದನ್ನು ಎಳೆದು ತಮ್ಮನ ಕಿವಿಯಲ್ಲಿ ಓದತೊಡಗಿದಳು. ಅದು ಒಳಚರಂಡಿ ಕೊಳವೆಗಳ ಜೋಡಣೆ ಮತ್ತು ನಿರ್ವಹಣೆ, ಭಾಗ ಎರಡು. ಕೊಳವೆಯ ಇಳಿಜಾರಿಗೆ ಬರುವಷ್ಟರಲ್ಲಿ ರೆಪ್ಪೆ ಭಾರವಾಯಿತು. ತಿರುವು ದಾಟುವ ಮೊದಲೇ ಗಾಢ ನಿದ್ದೆ.

ಅಲ್ಲಿಂದ ಅದೇ ಪದ್ಧತಿಯಾಯಿತು. ತಮ್ಮನಿಗೆ ಚರಂಡಿ, ಅವನು ಮಲಗಿದ ಮೇಲೆ ತನಗೆ ಸಮುದ್ರ. ಆದರೆ ದಿನವೂ ಪತ್ರಿಕೆ ಓದಲು ಬರುತ್ತಿದ್ದ ಪೇಪರ್ ತಾತ ಇದನ್ನು ಒಪ್ಪಲಿಲ್ಲ. "ಪುಸ್ತಕಾನೂ ಇಲ್ಲ, ಮಣ್ಣೂ ಇಲ್ಲ. ಫ್ಯಾನಿನ ಗಾಳಿ ಕಣಮ್ಮ ಅದು. ನಾನೂ ಅದಕ್ಕೇ ಬರೋದು" ಎನ್ನುತ್ತಿದ್ದರು. ಹೇಳಿ ಪತ್ರಿಕೆ ಮುಖಕ್ಕೆ ಮುಚ್ಚಿಕೊಂಡರೆ ಗೊರಕೆ. ಆ ಗೊರಕೆಗೆ ಯಾವ ನಿಯಮವೂ ಅನ್ವಯವಾಗುತ್ತಿರಲಿಲ್ಲ.

ಕಥೆಯಲ್ಲಿ ದೀಪದ ಎಣ್ಣೆ ಮುಗಿದು, ಹಡಗು ನೇರವಾಗಿ ಬಂಡೆಯ ಕಡೆಗೆ ಬರುತ್ತಿರುವಾಗ ಲೈಬ್ರರಿ ಮುಚ್ಚುವ ಗಂಟೆ ಬಾರಿಸಿತು. ಹುಡುಗಿ ಈಗ ಏನನ್ನು ಉರಿಸುತ್ತಾಳೆ? ಹೊರಡುವಾಗ ಅದನ್ನೇ ಪೇಪರ್ ತಾತನಿಗೂ ಹೇಳಿ ಕೊರಗಿದಳು. ಅಕ್ಕನಿಗೆ ಆ ರಾತ್ರಿ ಅನ್ನ ರುಚಿಸಲಿಲ್ಲ.

ಮರುದಿನ ಓಡೋಡಿ ಬಂದರೆ ಭಾಗ ಎರಡು ಕಪಾಟಿನಲ್ಲಿಲ್ಲ. ಹಿಂದಿನ ದಿನ ಲೈಬ್ರರಿಯ ಕಕ್ಕಸು ಕಟ್ಟಿಕೊಂಡಿತ್ತೆಂದು ಪ್ಲಂಬರ್ ಬಂದಿದ್ದ. ಅಕ್ಕ ಓದುವುದು ಅವನ ಕಿವಿಗೆ ಬಿದ್ದು, ಹಿಡಿದ ಪಾನಾ ಹಿಡಿದಂತೆಯೇ ಕೇಳುತ್ತಾ ನಿಂತು, ಸಂಜೆ ಪುಸ್ತಕವನ್ನು ಮನೆಗೊಯ್ದಿದ್ದ.

"ಹೋಯ್ತಮ್ಮ, ಯಾರಾದ್ರೂ ಒಯ್ಯಲಿ ಅಂತ ವರ್ಷಗಟ್ಟಲೆ ಕಾದಿದ್ದೆ" ಎಂದರು ಸಾರ್, ಮಗಳನ್ನು ಮದುವೆ ಮಾಡಿ ಕಳಿಸಿದವರ ಹಾಗೆ.

"ಭಾಗ ಒಂದು ಇಲ್ವಾ ಸಾರ್?"

ಅದು ಅವರು ಕೆಲಸಕ್ಕೆ ಸೇರುವ ಮುಂಚೆಯೇ ಕಳೆದುಹೋಗಿತ್ತಂತೆ.

ಅಕ್ಕ ನಿಘಂಟು ಓದಿದಳು. ಸೈರನ್ ಮುಖ ಕಿವುಚಿದ. ಜೇನು ಸಾಕಣೆ ಓದಿದಳು. ನಕ್ಕು, ಪುಟ ಹರಿಯಲು ಕೈ ಚಾಚಿದ. ಪುಸ್ತಕ ದೂರ ಸರಿಸಿದಾಗ ಆಕಾಶ ಭೂಮಿ ಒಂದು ಮಾಡಿದ. ತಾತ ಎಚ್ಚರಗೊಂಡು, ಫ್ಯಾನ್ ಜೋರಾಗಿಲ್ಲ, ಅದಕ್ಕೇ ಈ ಗೋಳು ಎಂದು ಗೊಣಗಿದರು. ಸಾರ್ ಎದ್ದರು.

ಗದ್ದಲ ಮಾಡುವವರನ್ನು ಹೊರಗೆ ಕಳಿಸಬೇಕೆನ್ನುವುದು ಒಂಬತ್ತನೇ ನಿಯಮ. ಎಲ್ಲ ನಿಯಮಗಳನ್ನೂ ಓದಿ ಹೇಳದೆ ಯಾರನ್ನೂ ಕಳಿಸಬಾರದೆನ್ನುವುದು ಹತ್ತನೆಯದು. ತಾವೇ ಬರೆದದ್ದು, ಮೀರುವುದು ಹೇಗೆ? ಅಕ್ಕನನ್ನು ಗೋಡೆಯ ಮುಂದೆ ನಿಲ್ಲಿಸಿ ಒಂದನೆಯದರಿಂದಲೇ ಶುರುಮಾಡಿದರು. ಅತ್ತ ತಾತ ಎದ್ದುಹೋಗಿ ಫ್ಯಾನನ್ನು ಜೋರು ಮಾಡಿದರು. ಅಕ್ಕನ ಕಣ್ಣು ಮಾತ್ರ ಬೆಂಚಿನ ಮೇಲೆ ತೆರೆದೇ ಬಿದ್ದಿದ್ದ ಕಥೆಯ ಮೇಲೆ. ಇವತ್ತು ಹೊರಗೆ ಹೋದರೆ ಆ ಹಡಗು ಬಂಡೆಗೆ ಬಡಿದಂತೆಯೇ.

"ಓದುಗರು ತಮ್ಮ ಪಾದರಕ್ಷೆಗಳನ್ನು ನಿಗದಿತ ಸ್ಥಳದಲ್ಲಿ, ನಿಗದಿತ ರೀತಿಯಲ್ಲಿ..." ಅಳು ಬಿಕ್ಕಾಯಿತು. ಐದನೆಯದಕ್ಕೆ ಬಿಕ್ಕು ಆಕಳಿಕೆಯಾಯಿತು. ಒಂಬತ್ತನೆಯದು ಬಂದಾಗ ಸೈರನ್ ಅಕ್ಕನ ಭುಜದ ಮೇಲೆ ಜೊಲ್ಲು ಸುರಿಸುತ್ತಾ ಮಲಗಿದ್ದ.

ಸಾರ್ ಓದು ನಿಲ್ಲಿಸಿ ಸುತ್ತ ನೋಡಿದರು. ಗದ್ದಲವೇ ಇರಲಿಲ್ಲ. ತಾತನೂ ಮಲಗಿದ್ದರು.

"ಈಗ ಹೋಗ್ಬೇಕಾ ಸಾರ್?"

ಅವರು ನಿಯಮವನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. "ಗದ್ದಲ ಮಾಡೋರು ಅಂತ ಇದೆ. ಇಲ್ಲಿ ಯಾರು ಮಾಡ್ತಿದಾರೆ? ಕೂತ್ಕೊ."

ಕೂತಳು. ಕೂಸಿನ ತುಟಿ ನಡುಗಿತು. ಸಾರ್ ಗಾಬರಿಯಿಂದ ಕುರ್ಚಿ ಎಳೆದುಕೊಂಡು ಮತ್ತೆ ಒಂದನೇ ನಿಯಮಕ್ಕೆ ಬಂದರು. ತಮ್ಮ ಬರವಣಿಗೆಯನ್ನು ಇಷ್ಟು ಸಮಾಧಾನದಿಂದ ಕೇಳಿದವರನ್ನು ಅವರು ಕಂಡಿರಲಿಲ್ಲ. ಅಕ್ಕ ಉಸಿರು ಬಿಗಿಹಿಡಿದು ಕೊನೆಯ ಪುಟದವರೆಗೂ ಓದಿದಳು.

ಸಂಜೆ ತಾತ ಕಣ್ಣುಜ್ಜಿಕೊಳ್ಳುತ್ತಾ, ಕೊನೆಗೆ ಆ ಹುಡುಗಿ ಏನು ಉರಿಸಿದಳು ಎಂದು ಕೇಳಿದರು.

"ನೀವೇ ಓದ್ಕೊಳ್ಳಿ ತಾತ. ಪುಸ್ತಕ ಇಲ್ಲೇ ಇರುತ್ತೆ."

ಸೈರನ್ ಮಲಗಿದ್ದು ಸಾರ್ ನಿಯಮಗಳಿಂದಲೋ ತಾತನ ಫ್ಯಾನಿನಿಂದಲೋ ಎಂಬ ವಾದ ಅಲ್ಲಿ ಇನ್ನೂ ನಡೆದಿದೆ. ಫ್ಯಾನ್ ಆರಿಸಿ ನಿಯಮ ಓದಿ ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಮಲಗಿದ ಸೈರನ್ನಿನ ಎದುರು ಸ್ವಿಚ್ಚಿಗೆ ಕೈಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗಾಗಿ ಅದು ಗೊತ್ತಿಲ್ಲ.