ಅಂಕೋಲೆ ಕೋಲು ಹಿಡಿದು ಆಡಿದ ಸುಳ್ಳು

ನಮ್ಮ ಮನೆಯ ದೇವರ ಗೂಡಿನಲ್ಲಿ ಮೊಳದುದ್ದದ ಒಂದು ಕೋಲಿದೆ. ಅಂಕೋಲೆ ಮರದ್ದು. ಅದನ್ನು ಹಿಡಿದು ಸುಳ್ಳು ಹೇಳಿದರೆ ನಾಲಿಗೆ ಸೆಟೆದು ಹೋಗುತ್ತದೆ ಎಂದು ಕಂಪ್ಲಿಯಲ್ಲಿ ನಮ್ಮ ಓಣಿಯವರೆಲ್ಲ ನಂಬಿಕೊಂಡಿದ್ದಾರೆ. ನಮ್ಮ ಮಾವನವರ ಅಜ್ಜನ ಕಾಲದಲ್ಲಿ ಒಬ್ಬ ಗಾರುಡಿಗ ಜ್ವರ ಬಂದು ನಮ್ಮ ಕಟ್ಟೆಯ ಮೇಲೆ ಬಿದ್ದಿದ್ದನಂತೆ. ಗಂಜಿ ಕುಡಿಸಿ ಉಳಿಸಿದ್ದಕ್ಕೆ ತನ್ನ ಮಂತ್ರದ ಕೋಲನ್ನೇ ಕೊಟ್ಟು ಹೋದನಂತೆ. ಅಂಕೋಲೆಯ ಕಾಯಿ ನೆಲಕ್ಕೆ ಬಿದ್ದರೂ ಮಳೆ ಬಂದಾಗ ತಾನಾಗಿ ಎದ್ದು ಹೋಗಿ ಮರಕ್ಕೇ ಅಂಟಿಕೊಳ್ಳುತ್ತದೆ, ಹಾಗೆಯೇ ಆಡಿದ ಸುಳ್ಳು ಆಡಿದವರಿಗೇ ಬಂದು ಅಂಟುತ್ತದೆ ಎನ್ನುತ್ತಿದ್ದರು ನಮ್ಮತ್ತೆ. ಈ ಕೋಲು ಕಡಿದ ಮರವಿದ್ದ ಸಂಡೂರಿನ ಗುಡ್ಡವನ್ನು ಅದಿರಿಗಾಗಿ ಅಗೆದು ಮುಗಿಸಿದ್ದಾರೆ. ಹಾಗಾಗಿ ಅಂಥ ಇನ್ನೊಂದು ಕೋಲು ಸಿಗುವುದಿಲ್ಲ. ಸಿಗದಿರುವುದೇ ಒಳ್ಳೆಯದು ಬಿಡಿ.

ಇಷ್ಟು ತಲೆಮಾರುಗಳಲ್ಲಿ ಆ ಕೋಲು ಹಿಡಿದವರೆಲ್ಲ ಹೆಂಗಸರು. ಗಂಡಸರು ಸುಳ್ಳೇ ಹೇಳುವುದಿಲ್ಲವಲ್ಲ, ಪಾಪ.

ನನ್ನ ಸೊಸೆ ಸುಷ್ಮಿತಾ ಕಡ್ಡಿರಾಂಪುರದ ಒಂದು ಹೋಂಸ್ಟೇಯಲ್ಲಿ ಕೆಲಸಕ್ಕಿದ್ದಾಳೆ. ಬಂದವರ ಹೆಸರು ಬರೆದುಕೊಳ್ಳುವುದು, ಕೋಣೆ ತೋರಿಸುವುದು, ಫೋನಿಗೆ ಉತ್ತರ ಕೊಡುವುದು. ಮೊನ್ನೆ ಹಂಪಿಗೆ ಜನ ಸಿಕ್ಕಾಪಟ್ಟೆ ಬಂದು ಇವಳಿಗೆ ಹೊತ್ತಾಯಿತು. ಅಲ್ಲಿ ಅಡುಗೆ ಮಾಡುವ ಹುಡುಗ ತನ್ನ ಬೈಕಿನಲ್ಲಿ ಹೊಸಪೇಟೆ ಬಸ್‌ಸ್ಟ್ಯಾಂಡಿನ ತನಕ ಬಿಟ್ಟ. ಮನೆಗೆ ಬಂದವಳೇ ಅದನ್ನು ನಮಗೆ ಹೇಳಿದಳು. ಆದರೆ ಬೈಕಿನಿಂದ ಇಳಿದದ್ದನ್ನು ಓಣಿಯವರು ಯಾರೋ ನೋಡಿ, ನನ್ನ ಗಂಡನ ಅಣ್ಣ ತೋಟಪ್ಪನವರ ಕಿವಿಗೆ ಹಾಕಿದರು. ಅಕ್ಕಿ ಮಿಲ್ಲು ಅವರ ಹೆಸರಿನಲ್ಲಿದೆ. ಮನೆಯ ಮಾನವೂ ಅವರ ಹೆಸರಿನಲ್ಲೇ ಇದೆ ಎಂದು ಅವರ ತಿಳುವಳಿಕೆ.

ಭಾನುವಾರ ಬೆಳಿಗ್ಗೆ ಬಂದು ಪಡಸಾಲೆಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕೋಲು ತರಿಸಿದರು.

"ಹಿಡ್ಕೊಳವ್ವಾ. ಆ ಹುಡುಗನ ಜೋಡಿ ಏನೂ ಇಲ್ಲ ಅಂತ ಒಂದು ಮಾತು ಹೇಳು, ಮುಗೀತು."

"ಬೈಕಿನ್ಯಾಗ ಬಂದೀನಿ, ಬಂದ ಕೂಡ್ಲೆ ಹೇಳೀನಿ," ಎಂದಳು ಸುಷ್ಮಿತಾ. "ಕೋಲು ಮಾತ್ರ ಹಿಡಿಯಂಗಿಲ್ರಿ, ದೊಡ್ಡ ಮಾವ."

"ಹಿಡಿಯಂಗಿಲ್ಲ ಅಂದ್ರ ಅರ್ಥ ಏನು? ಹಂಗಾರ ನಾಳಿಂದ ಕೆಲಸ ಬಂದ್. ತವರಿಗೆ ಫೋನ್ ಮಾಡ್ರಿ, ಬಂದು ಕರ್ಕೊಂಡು ಹೋಗ್ಲಿ."

ಅವಳು ತನ್ನ ಗಂಡನ ಕಡೆ ನೋಡಿದಳು. ಆ ಮಹರಾಯ, ನನ್ನ ಮಗ ತಿಪ್ಪೇಶ, ತಿರುಗುವ ಫ್ಯಾನನ್ನು ನೋಡುತ್ತ ಕುಳಿತಿದ್ದ. ನಾನೂ ಒಂದು ಕಾಲಕ್ಕೆ ಹೀಗೆಯೇ ಗಂಡನ ಮುಖ ನೋಡಿದವಳು.

ಮದುವೆಯಾದ ಹೊಸದರಲ್ಲಿ ಚೋರನೂರಿನ ತವರಿನಿಂದ ಬರುವಾಗ ಸಂಡೂರಿನಲ್ಲಿ ಬಸ್ಸು ತಪ್ಪಿ, ಅದಿರಿನ ಲಾರಿ ಹತ್ತಿ ಹೊಸಪೇಟೆಗೆ ಬಂದಿದ್ದೆ. ಆ ಡ್ರೈವರ್ ನನ್ನ ಹೆಸರು ಕೂಡ ಕೇಳಲಿಲ್ಲ. ಸುದ್ದಿ ತಿಳಿದ ಅತ್ತೆ ಗಂಡನ ಎದುರೇ ಕೋಲು ಕೈಗಿಟ್ಟರು. ಏನೂ ನಡೆದಿಲ್ಲ ಎಂದೆ. ನಾಲಿಗೆ ಸೆಟೆಯಲಿಲ್ಲ, ಊಟಕ್ಕೆ ಕರೆದರು. ಮರುವರ್ಷ ತಿಪ್ಪೇಶ ಹುಟ್ಟಿದ. ಅಲ್ಲಿಂದ ಈಚೆಗೆ ಪ್ರತಿ ಅಮಾವಾಸ್ಯೆಗೆ ಆ ಕೋಲಿಗೆ ಎಣ್ಣೆ ಹಚ್ಚಿದವಳು ನಾನೇ. ಕೋಲು ಹಿಡಿದು ಗೆದ್ದವಳು ಅಂತ ನನಗೆ ಹೆಮ್ಮೆ ಬೇರೆ. ಈಗ ನೆನೆದರೆ ಮೈ ಉರಿಯುತ್ತದೆ.

ಎದ್ದು ಹೋಗಿ ಕೋಲು ತೆಗೆದುಕೊಂಡೆ.

"ನೀ ಯಾಕ ಹಿಡಿದಿ?" ಎಂದರು ಬಾವ.

"ಇದಕ್ಕ ಇನ್ನೂ ಕಸುವು ಐತೇನು ನೋಡೂಣು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. "ನಮ್ಮ ಬಾವನೋರು ಯಾರಿಗೂ ಒಂದು ಗಟ್ಟಿ ಮಾತು ಆಡಿದವರಲ್ಲ. ನಮ್ಮ ಮಿಲ್ಲಿನ ಅಕ್ಕಿಯೊಳಗ ಒಂದು ಹರಳು ಸಿಗಂಗಿಲ್ಲ. ನನ್ನ ಗಂಡ ಕರೆದ ಕೂಡ್ಲೆ ಊಟಕ್ಕ ಏಳ್ತಾನ."

ಕಿಟಕಿಯಾಚೆ ಪಕ್ಕದ ಮನೆಯ ವಿರುಪಮ್ಮ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ನಾಲಿಗೆಯನ್ನು ಹಲ್ಲಿಗೆ ಒತ್ತಿ ನೋಡಿಕೊಂಡೆ. ಚೆನ್ನಾಗಿಯೇ ಹೊರಳುತ್ತಿತ್ತು.

"ಚಾಷ್ಟಿ ಮಾತು ಕೋಲಿಗೆ ಲೆಕ್ಕಿಲ್ಲ," ಎಂದರು ಬಾವ. "ಮಾನದ ಮಾತಾಡಿದ್ರ ಗೊತ್ತಾಗ್ತಿತ್ತು ನಿನಗ."

"ಆತು. ಮಾನದ ಮಾತೇ ಆಡ್ತೀನಿ. ಹೊಸದಾಗಿ ಬಂದಾಗ ಅತ್ತಿ ಮುಂದ ಈ ಕೋಲು ಹಿಡಿದು, ಏನೂ ನಡೆದಿಲ್ಲ ಅಂದಿದ್ನಲ್ಲ, ಅದು ಸುಳ್ಳು."

ನಿಮಗೆ ಹೇಳುತ್ತೇನೆ, ಅವತ್ತು ಆಡಿದ್ದು ಅಪ್ಪಟ ನಿಜ. ಭಾನುವಾರ ಆಡಿದ್ದೇ ಸುಳ್ಳು. ನನ್ನ ಜೀವಮಾನದಲ್ಲಿ ಇಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ. ಅದನ್ನು ಅಂಕೋಲೆ ಕೋಲನ್ನು ಬಿಗಿಯಾಗಿ ಹಿಡಿದುಕೊಂಡೇ ಹೇಳಿದೆ.

ಬಾವನವರ ತುಟಿ ವರ್ಷ ಎಣಿಸುತ್ತಿತ್ತು, ಕಣ್ಣು ತಿಪ್ಪೇಶನ ಮುಖಕ್ಕೆ ಹೋಯಿತು. ನನ್ನ ಗಂಡ ಕೊಟ್ರಪ್ಪನವರ ಮುಖ ಸುಣ್ಣದಂತಾಗಿತ್ತು.

"ನಾಲಿಗಿ ನೆಟ್ಟಗೈತಿ ನೋಡ್ರಿ, ಬಾವ. ಕೋಲು ನಂಬೋದಾದ್ರ ಮೊದಲು ನನ್ನ ಹೊರಗ ಹಾಕ್ರಿ. ನನ್ನ ಜೋಡಿ ನನ್ನ ಮಗನ್ನೂ ಹಾಕ್ರಿ. ನಂಬಂಗಿಲ್ಲ ಅಂದ್ರ ಆಕಿ ತಂಟಿಗೆ ಬರಬ್ಯಾಡ್ರಿ."

"ಹುಚ್ಚು ಹಿಡಿದೈತಿ ಈಕಿಗೆ. ಸಿಟ್ಟಿಗೆ ಸುಳ್ಳು ಹೇಳ್ತಾಳ."

"ಕೋಲು ಹಿಡಿದು ಸುಳ್ಳು ಹೇಳಾಕ ಬರ್ತದಂತಾತು. ನೀವ ಒಪ್ಪಿದ್ರಿ."

ಬಾವನವರು ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಎದ್ದರು. ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದರು. ತಿಪ್ಪೇಶ ನನ್ನ ಹತ್ತಿರ ಬಂದ. ಅವನ ಕಣ್ಣು ತುಂಬಿತ್ತು.

"ಅವ್ವಾ, ನನಗ ಯಾವ ಕೋಲೂ ಬ್ಯಾಡ. ನಿನ್ನ ಮಾತು ಸಾಕು."

"ಅವ್ವನ ಮಾತು ಸಾಕಾತು. ಹೆಂಡ್ತಿ ಮಾತು ಯಾಕ ಸಾಲಲಿಲ್ಲಲೇ?"

ಸುಷ್ಮಿತಾ ಅವನ ಉತ್ತರಕ್ಕೆ ಕಾಯಲಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೋಗಬೇಕು, ಸೀರೆ ಇಸ್ತ್ರಿ ಮಾಡಿಲ್ಲ ಎಂದು ಒಳಗೆ ಹೋದಳು. ತಿಪ್ಪೇಶ ಅವಳ ಹಿಂದೆ ಹೋಗಿ ಬಾಗಿಲ ಬಳಿಯೇ ನಿಂತ. ಒಳಗೆ ಹೋಗುವ ಧೈರ್ಯ ಆಗಲಿಲ್ಲವೋ ಏನೋ.

ಉಳಿದವರು ನಾನು, ನನ್ನ ಗಂಡ.

"ಉಚ್ಚೆಂಗಿ," ಎಂದು ನನ್ನ ಹೆಸರು ಹಿಡಿದು ಕರೆದರು. "ಯಾವುದು ಖರೆ? ಅವತ್ತಿಂದೋ, ಇವತ್ತಿಂದೋ?"

ಒಂದು ಮಾತು ಹೇಳಿದ್ದರೆ ಆ ಮನುಷ್ಯ ಬದುಕಿಕೊಳ್ಳುತ್ತಿದ್ದ. ನನಗೆ ಕರುಣೆ ಬಂದದ್ದು ಸುಳ್ಳಲ್ಲ, ಎಷ್ಟೆಂದರೂ ಇಷ್ಟು ವರ್ಷ ಕೂಡಿ ಬಾಳಿದವರು. ಆದರೂ ಆ ಮಾತು ಆಡದೆ, ಕೈಯಲ್ಲಿದ್ದ ಕೋಲನ್ನು ಪಕ್ಕಕ್ಕಿಟ್ಟೆ.

"ಅವತ್ತು ನೀವು ನಂಬಿದ್ದು ಕೋಲನ್ನ, ನನ್ನನ್ನಲ್ಲ," ಎಂದೆ. "ಈಗ ಕೋಲಿಲ್ಲ, ಬರೇ ನಾನದೀನಿ. ನಂಬಾದಿದ್ರ ನಂಬ್ರಿ."

ಅವರು ಇನ್ನೂ ಕೇಳುತ್ತಲೇ ಇದ್ದಾರೆ. ನಾನು ಹೇಳಿಲ್ಲ.