ನೋವಿನ ಜೋಗುಳ

ಅಮೂಲ್ಯ ಪಿಯಾನೊದ ಕೊನೆಯ ಸ್ವರವನ್ನು ಒತ್ತಿ ಹಿಡಿದೇ ಇದ್ದಳು. ಅದು ಪೂರ್ತಿ ಕರಗುವ ತನಕ ಸಭಾಂಗಣದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡನೇ ಸಾಲಿನಲ್ಲಿ ತಾಯಿ ವೈಜಯಂತಿ ಕುಳಿತಿದ್ದಳು.

ಮನೆಯಲ್ಲಿ ಮಗಳು ಕೀಬೋರ್ಡಿಗೆ ಹೆಡ್‌ಫೋನ್ ಹಾಕಿಕೊಂಡೇ ಅಭ್ಯಾಸ ಮಾಡುತ್ತಿದ್ದಳು. ಹಾಗಾಗಿ ವೈಜಯಂತಿ ಇದನ್ನು ಕೇಳಿದ್ದು ಇದೇ ಮೊದಲು. ಜರ್ಮನ್ ಸಂಗೀತಗಾರ ಬ್ರಾಮ್ಸ್ ಮುಪ್ಪಿನಲ್ಲಿ ರಚಿಸಿದ ಪುಟ್ಟ ಕೃತಿ. ಮಗುವನ್ನು ತೂಗುವ ಹಾಗೆ ಶುರುವಾಗಿ, ನಡುವೆ ಒಮ್ಮೆಲೇ ಕತ್ತಲಾಗುತ್ತಿತ್ತು. ಮತ್ತೆ ಜೋಗುಳ ಮರಳಿದಾಗ, ನಿದ್ದೆ ಬಾರದೆಂದು ಗೊತ್ತಿದ್ದೂ ಯಾರನ್ನೋ ತಟ್ಟಿ ಮಲಗಿಸುವಂತೆ ನುಡಿಸಿದ್ದಳು ಅಮೂಲ್ಯ. ಸದಾ ಗಡಿಬಿಡಿ, ಸದಾ ನಗು ಎನ್ನುವ ಹುಡುಗಿ!

"ಬ್ರಾಮ್ಸ್ ಇದನ್ನ ತನ್ನ ನೋವಿನ ಜೋಗುಳ ಅಂತಿದ್ದ," ಎಂದು ಪಿಯಾನೊ ಮೇಷ್ಟ್ರು ಪವನ್ ಹೊರಗೆ ಸಿಕ್ಕಾಗ ಹಿಂದಿಯಲ್ಲಿ ಹೇಳಿದರು. "ಬೆರಳಾಟ ನಾನು ಕಲಿಸಿದ್ದು ಮೇಡಂ. ಉಳಿದದ್ದು ಅವಳಿಗೆ ಎಲ್ಲಿಂದ ಬಂತೋ."

ದೆಹಲಿಯ ಮಯೂರ್ ವಿಹಾರದ ತಮ್ಮ ಮನೆಗೆ ಆಟೋ ಹತ್ತಿದ ಮೇಲೆ ವೈಜಯಂತಿ ಕೇಳಿದಳು. "ಏನಾಗಿದೆ ಪುಟ್ಟಿ?"

ಅಮೂಲ್ಯ ರಸ್ತೆ ನೋಡುತ್ತಿದ್ದಳು. "ಮಮ್ಮಾ, ಪಪ್ಪಾ ಭೋಪಾಲಲ್ಲಿ ಇಲ್ಲ. ಐ ನೋ."

ದೀಪಾವಳಿಯ ಹೊತ್ತಿಗೇ ವೈಜಯಂತಿ ಮತ್ತು ಗಂಡ ಸಂದೀಪ್ ಬೇರೆಯಾಗಿದ್ದರು. ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿಯಲಿ ಎಂದು, ಅಪ್ಪನಿಗೆ ಭೋಪಾಲಿಗೆ ವರ್ಗವಾಗಿದೆ ಎಂದು ಮಗಳಿಗೆ ಹೇಳಿದ್ದರು. ಸಂದೀಪ್ ದೆಹಲಿ ಪಕ್ಕದ ನೋಯ್ಡಾದಲ್ಲಿ ಬಾಡಿಗೆ ಫ್ಲಾಟ್ ಹಿಡಿದಿದ್ದ.

"ಯಾರು ಹೇಳಿದ್ರು?"

"ಯಾರೂ ಇಲ್ಲ. ಹೋಳಿ ಹಬ್ಬಕ್ಕೆ ಮುಂಚೆ ಫ್ರೆಂಡ್ಸ್ ಜೊತೆ ನೋಯ್ಡಾ ಮಾರ್ಕೆಟ್‌ಗೆ ಹೋಗಿದ್ದೆ. ಪಪ್ಪಾ ತರಕಾರಿ ತಗೋತಿದ್ರು." ಅವಳು ಅಮ್ಮನತ್ತ ತಿರುಗಿದಳು. "ನನ್ನನ್ನ ನೋಡಿದ್ರು, ಮಮ್ಮಾ. ನೋಡಿ, ಮುಖ ತಿರುಗಿಸ್ಕೊಂಡು ಹೋಗ್ಬಿಟ್ರು."

ಸಂದೀಪ್ ಇದನ್ನು ವೈಜಯಂತಿಗೂ ಹೇಳಿರಲಿಲ್ಲ.

ಆಟೋ ಯಮುನೆಯ ಸೇತುವೆ ಹತ್ತುವಾಗ ಅಮೂಲ್ಯಳ ಫೋನ್ ರಿಂಗಾಯಿತು. ಆಟೋದ ಸದ್ದಿಗೆ ಅವಳು ಸ್ಪೀಕರ್ ಹಾಕಿದಳು.

"ಹೇಗಾಯ್ತು ಪ್ರೋಗ್ರಾಮು?" ಸಂದೀಪನ ದನಿ ಗೆಲುವಾಗಿತ್ತು. "ಬರೋಕಾಗ್ಲಿಲ್ಲ ಕಣೇ. ಇಲ್ಲಿ ಭೋಪಾಲಲ್ಲಿ ಸಿಕ್ಕಾಪಟ್ಟೆ ಮಳೆ."

"ಅಚ್ಛಾ ಪಪ್ಪಾ. ಛತ್ರಿ ತಗೊಂಡ್ಹೋಗಿ, ನೆನೀಬೇಡಿ," ಎಂದಳು ಅಮೂಲ್ಯ. ನಗುತ್ತಲೇ ಎಂದಳು, ಒಂದಿಷ್ಟೂ ತಡವರಿಸದೆ.

ವೈಜಯಂತಿ ಮಗಳ ಮುಖವನ್ನೇ ನೋಡಿದಳು. ಇಷ್ಟು ದಿನ ಪ್ರತಿ ಸಂಜೆ ಹೀಗೇ ಮಾತಾಡಿದ್ದಳಲ್ಲವೇ, ತನ್ನೆದುರಿಗೇ. ಫೋನ್ ಕೈಗೆ ತೆಗೆದುಕೊಂಡಳು.

"ಸಂದೀಪ್, ಅವಳಿಗೆ ಗೊತ್ತು. ನೀವು ಮುಖ ತಿರುಗಿಸಿದ್ದೂ ಗೊತ್ತು."

ಸಂದೀಪ್ ಫೋನ್ ಇಡಲಿಲ್ಲ. ತಾಯಿ ಮಗಳು ಇಬ್ಬರೂ ಕಿವಿಗೊಟ್ಟು ಕುಳಿತರು. ಸ್ವಲ್ಪ ಹೊತ್ತಿಗೆ ಅವನ ಹಿಂದೆಲ್ಲೋ ಮುಂದಿನ ನಿಲ್ದಾಣ ಸಾರುವ ನೋಯ್ಡಾ ಮೆಟ್ರೋದ ಧ್ವನಿ ಸ್ಪಷ್ಟವಾಗಿ ಕೇಳಿಸಿತು: "ಅಗಲಾ ಸ್ಟೇಷನ್, ಬೊಟಾನಿಕಲ್ ಗಾರ್ಡನ್ ಹೈ."