ಹನ್ನೊಂದನೇ ತಂತಿ

ಶುಕ್ರವಾರದ ನಮಾಜು ಮುಗಿಸಿಕೊಂಡು ಬಂದ ಲಾಲ್ ಸಾಬ್ ತನ್ನ ಗುಜರಿ ಅಂಗಡಿಯ ಗೇಟು ತಳ್ಳುವ ಹೊತ್ತಿಗೆ, ಬೆಂಗಳೂರಿನಿಂದ ರಿಪೇರಿಗೆ ಬಂದಿದ್ದ ಭೀಮರಾಜ್ ಪಿಯಾನೋದ ಕೆಳಗಿನ ಹಲಗೆಯನ್ನು ಬಿಚ್ಚಿ ಗೋಡೆಗೆ ಒರಗಿಸಿಬಿಟ್ಟಿದ್ದ. ಮೇಲಿನ ಮುಚ್ಚಳ ತೆಗೆದು ಅಷ್ಟಿಷ್ಟು ಶ್ರುತಿ ಮಾಡಿ, ಕಾಫಿ ಕುಡಿದು ಹೊರಡುತ್ತಾನೆ ಅಂದುಕೊಂಡಿದ್ದ ಲಾಲ್ ಸಾಬನ ಕಾಲು ಗೇಟಿನ ಹತ್ತಿರವೇ ನಿಂತುಹೋಯಿತು. ಆ ಹಲಗೆಯ ಹಿಂದಿನ ಸಂಗತಿ ಹದಿನೈದು ವರ್ಷದಿಂದ ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬ ಅವನು, ಇನ್ನೊಬ್ಬಳು ಅವನ ಹೆಂಡತಿ ಅನ್ವರ್ ಬೇಗಂ.

"ಬನ್ನಿ ಸಾಹೇಬ್ರೇ, ಎಡಗಡೆ ಹತ್ತು ಕೀ ಮೂಕ ಅಂತ ಮೇಡಂ ಮೊದಲೇ ಹೇಳಿದ್ರು. ಹೊಸ ತಂತಿ ತಂದಿದೀನಿ" ಎಂದ ಭೀಮರಾಜ್, ಟಾರ್ಚು ಹಿಡಿದು ಪಿಯಾನೋದ ಹೊಟ್ಟೆಯೊಳಗೆ ತಲೆ ಹಾಕುತ್ತಾ. "ಮೇಡಮ್ಮೂ ಈಗ ಬರ್ತಾರಂತೆ."

ಮೇಡಂ ಅಂದರೆ ಪಕ್ಕದ ಮನೆಯ ಮುನಿವೆಂಕಟಮ್ಮನ ಮಗಳು ಪ್ರಮೋದಾ. ಊರಿಗೆ ಈಗಲೂ ಮುನಿವೆಂಕಟಮ್ಮನ ಮಗಳೇ. ಉಳಿದ ಲೋಕಕ್ಕೆ ಬರೀ ಪ್ರಮೋದಾ. ಅವಳು ಪಿಯಾನೋದ ಮುಂದೆ ಕೂತು ಬಲಗಾಲು ಎತ್ತಿದರೆ ಸಾಕು, ದುಬೈಯಲ್ಲಾಗಲಿ ಲಂಡನ್ನಿನಲ್ಲಾಗಲಿ ಹತ್ತಿಪ್ಪತ್ತು ಸಾವಿರ ಕಾಲು ಅವಳ ಜೊತೆ ಮೇಲೇಳುತ್ತವೆ. ಕನ್ನಡದ ಹಾಡೊಂದಕ್ಕೆ ಕನ್ನಡ ಬಾರದವರು ನೆಲ ಒದೆಯುವುದನ್ನು ಲಾಲ್ ಸಾಬ್ ಫೋನಿನಲ್ಲಿ ಎಷ್ಟು ಸಲ ನೋಡಿದ್ದಾನೋ ಲೆಕ್ಕವಿಲ್ಲ. ಅಂಥವಳು ಮೊದಲ ಬಾರಿಗೆ ಸ್ವಂತ ಊರಾದ ದೊಡ್ಡಬಳ್ಳಾಪುರದಲ್ಲಿ, ಭಾನುವಾರ ಸಂಜೆ ಹಾಡುವವಳಿದ್ದಳು. ಅವಳ ಹತ್ತಿರ ಕನ್ನಡಿಯಂತೆ ಹೊಳೆಯುವ ಎರಡು ದೊಡ್ಡ ಪಿಯಾನೋಗಳಿದ್ದವು. ಎರಡೂ ಬೇಡ, ಲಾಲ್ ಮಾಮನ ಗುಜರಿಯಲ್ಲಿರುವುದೇ ಬೇಕು ಎಂದು ಹಟ ಹಿಡಿದಿದ್ದಳು.

ಆ ಪಿಯಾನೋ ಬಂದದ್ದು ದೇವನಹಳ್ಳಿ ದಾರಿಯ ಒಂದು ಹಳೇ ಬಂಗಲೆಯಿಂದ. ಸುತ್ತಲಿನ ದ್ರಾಕ್ಷಿ ತೋಟವೆಲ್ಲ ಲೇಔಟ್ ಆದಾಗ ಬಂಗಲೆಯನ್ನೂ ಕೆಡವಿದರು; ಕಿಟಕಿ, ನಲ್ಲಿ, ಸ್ನಾನದ ತೊಟ್ಟಿಯ ಜೊತೆ ಇದನ್ನೂ ಲಾರಿಗೆ ಎತ್ತಿಹಾಕಿದರು. ಗುಜರಿಯವರಿಗೆ ಒಂದು ಕ್ರಮವಿದೆ. ಏನೇ ಬರಲಿ, ಮೊದಲು ತಾಮ್ರ ಬಿಡಿಸಬೇಕು, ಆಮೇಲೆ ಹಿತ್ತಾಳೆ, ಆಮೇಲೆ ಕಬ್ಬಿಣ. ಮರ ಕೊನೆಗೆ ಒಲೆಗೆ. ಲಾಲ್ ಸಾಬನ ಅಪ್ಪ ಕಲಿಸಿದ್ದು ಅದು. ಪಿಯಾನೋದ ಹಲಗೆ ಬಿಚ್ಚಿದಾಗ ಎಡಗಡೆಯ ದಪ್ಪ ತಂತಿಗಳಿಗೆ ತಾಮ್ರ ಸುತ್ತಿರುವುದು ಕಂಡಿತು. ತಾಮ್ರ ಕಂಡ ಮೇಲೆ ಗುಜರಿಯವನ ಕೈ ಸುಮ್ಮನಿರುತ್ತದೆಯೇ? ಕಟಿಂಗ್ ಪ್ಲೇಯರ್ ತೆಗೆದು ಒಂದೊಂದಾಗಿ ಕತ್ತರಿಸತೊಡಗಿದ.

ಮಧ್ಯಾಹ್ನದ ಹೊತ್ತು. ಕರೆಂಟ್ ಹೋಗಿತ್ತು. ಬೀದಿಯ ಮಗ್ಗಗಳೆಲ್ಲ ನಿಂತು, ಊರಿಗೆ ಊರೇ ಉಸಿರು ಹಿಡಿದ ಹಾಗೆ ಇತ್ತು. ಬಿಗಿದು ನಿಂತ ತಂತಿ ತುಂಡಾದಾಗಲೆಲ್ಲ ಪೆಟ್ಟಿಗೆಯೊಳಗಿನಿಂದ 'ಧೊಂ' ಎಂದು ಒಂದು ದೊಡ್ಡ ಸದ್ದು ಎದ್ದು, ಗೋಡೆ ದಾಟಿ, ಬಹಳ ಹೊತ್ತು ನಿಂತು ಕರಗುತ್ತಿತ್ತು. ಹತ್ತು ತಂತಿ ಮುಗಿಸಿ ಹನ್ನೊಂದನೆಯದಕ್ಕೆ ಪ್ಲೇಯರ್ ಹಾಕಿ ಒತ್ತತೊಡಗಿದ್ದ, ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೊಂದು ತಲೆ ಕಾಣಿಸಿತು. ಎರಡು ಜಡೆ, ಸ್ಕೂಲ್ ಯೂನಿಫಾರಮ್ಮು, ಹನ್ನೆರಡು ವರ್ಷ.

"ಮಾಮಾ, ಅದೇನು ಸದ್ದು? ಇನ್ನೊಂದ್ಸಲ ಮಾಡಿ!"

ಲಾಲ್ ಸಾಬ್ ಪ್ಲೇಯರನ್ನು ಜೇಬಿಗೆ ಸೇರಿಸಿದ. ಹುಡುಗಿ ಗೋಡೆ ಹಾರಿ ಬಂದು ಎಡಗಡೆಯಿಂದಲೇ ಕೀಗಳನ್ನು ಒತ್ತುತ್ತಾ ಬಂದಳು. ಟಕ್, ಟಕ್ ಎಂದು ಬರೀ ಮರದ ಸದ್ದು. "ಇವು ಯಾಕೆ ಮಾತಾಡಲ್ಲ?" ಎಂದು ಕೇಳಿದಳು.

"ಬಂಗ್ಲೆಯಿಂದ ಬಂದಾಗ್ಲೇ ಹಂಗಿತ್ತು ಕಣಮ್ಮ" ಎಂದುಬಿಟ್ಟ.

ಯಾಕೆ ಹಾಗೆ ಹೇಳಿದ ಎಂದರೆ ಅವನಿಗೇ ಗೊತ್ತಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಹೆದರುವ ಆಸಾಮಿಯಲ್ಲ ಅವನು. ಆ ಮುಖದಲ್ಲಿದ್ದ ಆಸೆ ನೋಡಿ ನಾಚಿಕೆಯಾಯಿತು, ಅಷ್ಟೆ. ಹತ್ತು ಕೀ ದಾಟಿ ಹನ್ನೊಂದನೆಯದರ ಮೇಲೆ ಅವಳ ಬೆರಳು ಬಿದ್ದಾಗ ಪಿಯಾನೋ ಮಾತಾಡಿತು. ಕರೆಂಟ್ ಬಂದು ಮಗ್ಗಗಳು ಶುರುವಾಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಮಾರನೆಯ ದಿನ ಲಾಲ್ ಸಾಬ್ ಪಿಯಾನೋವನ್ನು ತಗಡಿನ ಸೂರಿನ ಕೆಳಗೆ ತಳ್ಳಿ, ಮೇಲೊಂದು ಟಾರ್ಪಾಲು ಹೊದಿಸಿದ. ಕಬ್ಬಿಣ ಕೇಳಿಕೊಂಡು ಬಂದವರಿಗೆಲ್ಲ "ಅದು ಮಾರಕ್ಕಲ್ಲ" ಎಂದ.

ಊರಿನಲ್ಲಿ ಕೀಬೋರ್ಡ್ ಇದ್ದವರು ಇರಲಿಲ್ಲವೆಂದಲ್ಲ. ಆದರೆ ಕರೆಂಟ್ ಇದ್ದರೆ ಮಗ್ಗದ ಗದ್ದಲದಲ್ಲಿ ಕೀಬೋರ್ಡ್ ಕೇಳಿಸದು. ಕರೆಂಟ್ ಹೋದರೆ ಕೀಬೋರ್ಡೇ ಸತ್ತಿತು. ಕರೆಂಟಿನ ಹಂಗಿಲ್ಲದೆ ನುಡಿಯುವುದು ಇದೊಂದೇ. ಹಾಗಾಗಿ ಇಡೀ ಬೀದಿ ಕರೆಂಟ್ ಹೋಯಿತೆಂದು ಹಿಡಿಶಾಪ ಹಾಕುವಾಗ ಪ್ರಮೋದಾ ಗೋಡೆ ಹಾರುತ್ತಿದ್ದಳು. "ಎಲ್ರು ಮನೆ ಮಕ್ಳು ಕರೆಂಟ್ ಬಂತು ಅಂತ ಕುಣಿದ್ರೆ ನಮ್ಮನೇದು ಮಕ ಊದಿಸ್ಕೊಂಡು ಬತ್ತದೆ" ಎಂದು ಮುನಿವೆಂಕಟಮ್ಮ ಬೈಯುತ್ತಿದ್ದಳು. ಮೊಂಬತ್ತಿ ಬೆಳಕಿನಲ್ಲಿ, ಬೆರಳ ತುದಿ ಬಿರಿಯುವ ತನಕ, ಹೇಳಿಕೊಡುವವರಿಲ್ಲದೆ ಆ ಹುಡುಗಿ ತಾನೇ ಬಿದ್ದು ತಾನೇ ಎದ್ದು ಕಲಿತಳು. ಒಂದೇ ಸಾಲನ್ನು ನೂರು ಸಲ ಬಾರಿಸುತ್ತಿದ್ದಳು. ನೂರಾ ಒಂದನೆಯ ಸಲ ಅದು ಬೇರೆಯೇ ಆಗಿರುತ್ತಿತ್ತು. ತಕ್ಕಡಿಯ ಮುಂದೆ ಕೂತ ಲಾಲ್ ಸಾಬ್ ತೂಗುವುದನ್ನು ಮರೆತು ಕೇಳುತ್ತಿದ್ದ.

ಎಡಗಡೆ ದನಿಯಿಲ್ಲದ ಜಾಗವನ್ನು ಅವಳು ಕಾಲಿನಿಂದ ತುಂಬಿಸಿದಳು. ಪಿಯಾನೋದ ಕೆಳಗೆ ಬಿದ್ದಿದ್ದ ಹಳೇ ಬಾಗಿಲೊಂದರ ಮೇಲೆ ಬಲಗಾಲಿನಿಂದ ಒದೆಯುವುದು, 'ಧೊಂ', ಮತ್ತೆ ಬಾರಿಸುವುದು. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಹಾಗೆ ಒದ್ದಾಗ ಊರವರು ನಕ್ಕು 'ಒದೆಯೋ ಪ್ರಮೋದಾ' ಎಂದು ಹೆಸರಿಟ್ಟರು. ಹಿತ್ತಲ ಗಿಡ ಮದ್ದಲ್ಲ, ಇನ್ನೇನು! ಬೆಂಗಳೂರಿನ ಹೋಟೆಲೊಂದರಲ್ಲಿ ಎರಡು ವರ್ಷ ಊಟ ಮಾಡುವವರ ಬೆನ್ನಿಗೆ ಹಾಡಿದಳು. ಕೊನೆಗೊಂದು ಸಂಜೆ ಅಲ್ಲಿ ಕರೆಂಟ್ ಹೋಯಿತು. ಮೈಕಿಲ್ಲ, ದೀಪವಿಲ್ಲ. ಬೇರೆಯವರಾಗಿದ್ದರೆ ಎದ್ದುಬಿಡುತ್ತಿದ್ದರು, ಇವಳಿಗೆ ಅದು ತವರುಮನೆಯಿದ್ದ ಹಾಗೆ. ತಾನೇ ಕಟ್ಟಿದ 'ಕರೆಂಟು ಹೋಗಲಿ ಬಿಡು' ಹಾಡನ್ನು ಒದ್ದು ಒದ್ದು ಹಾಡಿದಳು. ಯಾರೋ ಫೋನಿನಲ್ಲಿ ಹಿಡಿದ ಆ ಕತ್ತಲೆಯ ವಿಡಿಯೋ ತಿಂಗಳೊಳಗೆ ಮನೆಮನೆ ತಲುಪಿತು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ: ಸಿನಿಮಾ, ಮುಂಬೈ, ವಿಮಾನ. ನಡುವೆ ಒಂದು ಸಲ ಗಂಟಲು ಕೆಟ್ಟು ಆರು ತಿಂಗಳು ಮಾತೇ ಆಡದೆ ಕೂತಳು. ಮುಗಿಯಿತು ಇವಳ ಕಥೆ ಎಂದು ಜನ ಷರಾ ಬರೆದರು. ಏಳನೆಯ ತಿಂಗಳು ಬರೀ ಪಿಯಾನೋ ಮತ್ತು ಕಾಲಿನಿಂದ ಒಂದು ಇಡೀ ಸಂಜೆ ನಡೆಸಿಕೊಟ್ಟು ಅದೇ ಜನರ ಬಾಯಿ ಮುಚ್ಚಿಸಿದಳು.

ಲಾಲ್ ಸಾಬನಿಗೆ ಹೆಮ್ಮೆಯಿಂದ ಎದೆ ಉಬ್ಬಬೇಕು; ಉಬ್ಬುತ್ತಲೂ ಇತ್ತು. ಆದರೆ ಟೀವಿಯವರು ಪ್ರತಿ ಸಲ ಕೇಳುವ ಒಂದು ಪ್ರಶ್ನೆಯಿತ್ತು, ಈ ಒದೆಯುವುದು ಎಲ್ಲಿಂದ ಬಂತು ಅಂತ. ಅದಕ್ಕವಳು, "ಚಿಕ್ಕೋಳಿದ್ದಾಗ ಕರೆಂಟ್ ಹೋದ ಒಂದು ಮಧ್ಯಾಹ್ನ ಒಂದು ಸದ್ದು ಕೇಳಿದೆ. ಪಿಯಾನೋಲಿ ಅದು ಎಲ್ಲೂ ಸಿಗಲಿಲ್ಲ. ಕಾಲಲ್ಲಿ ಅದನ್ನೇ ಹುಡುಕ್ತಾ ಇದೀನಿ" ಎನ್ನುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಲಾಲ್ ಸಾಬನ ಕೈ ತಾನಾಗಿ ಜೇಬಿನ ಪ್ಲೇಯರಿನ ಮೇಲೆ ಹೋಗುತ್ತಿತ್ತು. "ಹೇಳ್ಬಿಡಿ ಜೀ. ಆ ಹುಡುಗಿ ಊರೂರು ಅಲೀತಾ ಹುಡುಕ್ತಾ ಅವಳೆ" ಎಂದು ಅನ್ವರ್ ಬೇಗಂ ಟೀವಿಯ ದನಿ ತಗ್ಗಿಸುತ್ತಿದ್ದಳು. ಹೇಳಿದರೆ ಮಾಮಾ ಎಂದು ಕರೆಯುವ ಆ ಬಾಯಿ ಇನ್ನು ಕರೆಯದಿದ್ದರೆ ಎಂಬ ಭಯ ಅವನದು. ಮಕ್ಕಳಿಲ್ಲದ ಮನೆಗೆ ಹಬ್ಬಕ್ಕೆ ಮೊದಲು ಬರುತ್ತಿದ್ದ ಫೋನು ಅವಳದೇ.

ಈಗ ಅವಳು ಬಂದಳು. ಮುಂದಿನ ರಸ್ತೆಯಲ್ಲಿ ಹುಡುಗರು ಫೋನು ಹಿಡಿದು ಕಾದಿದ್ದರಿಂದ, ಟೋಪಿ ಮಾಸ್ಕು ಹಾಕಿಕೊಂಡು ಹಳೇ ಅಭ್ಯಾಸದಂತೆ ಹಿತ್ತಲ ಗೋಡೆ ಹಾರಿಯೇ ಬಂದಳು. ಪಕ್ಕದ ಮನೆಯ ಮಗ್ಗಗಳು ಗಡಗಡ ಎನ್ನುತ್ತಿದ್ದವು. ಲಾಲ್ ಸಾಬ್ ಹೆಂಡತಿಯನ್ನು ಚಹಾಕ್ಕೆ ಕೂಗಿದ. ಅಷ್ಟರಲ್ಲಿ ಭೀಮರಾಜ್ ತಲೆ ಹೊರಗೆ ತೆಗೆದ.

"ಮೇಡಂ, ಇವು ತುಕ್ಕು ಹಿಡಿದು ಹೋಗಿರೋದಲ್ಲ. ಯಾರೋ ಕತ್ತರಿಸಿದಾರೆ. ಇಲ್ಲಿ ನೋಡಿ, ತುಂಡು ಇನ್ನೂ ಆಣಿಗೆ ಸುತ್ಕೊಂಡಿದೆ. ಪಕ್ಕದ ಹನ್ನೊಂದನೇದಕ್ಕೂ ಪ್ಲೇಯರ್ ಕಚ್ಚಿದ ಗುರುತಿದೆ, ಅದ್ಯಾಕೋ ಬಿಟ್ಟಿದಾರೆ."

ಪ್ರಮೋದಾ ಬಗ್ಗಿ ನೋಡಿದಳು. "ಬಂಗ್ಲೆಯೋರು ಯಾರೋ ಮಾಡಿರ್ಬೇಕು ಬಿಡಿ" ಎಂದಳು. ಚಹಾದ ತಟ್ಟೆ ಹಿಡಿದು ನಿಂತಿದ್ದ ಅನ್ವರ್ ಬೇಗಂ ಗಂಡನ ಕಡೆ ನೋಡಿದಳು. ಅವನು ಸುಮ್ಮನಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಚಹಾ ಕುಡಿದು, ನಕ್ಕು, ಭಾನುವಾರ ಮುಂದಿನ ಸಾಲಿನಲ್ಲಿ ಕೂರಬಹುದಿತ್ತು.

"ಬಂಗ್ಲೆಯೋರಲ್ಲಮ್ಮ" ಎಂದ ಲಾಲ್ ಸಾಬ್. ಮಗ್ಗದ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೆ ಗಟ್ಟಿಯಾಗಿ ಹೇಳಿದ. "ನಾನೇ ಕಣಮ್ಮ ಕತ್ತರಿಸಿದ್ದು. ತಾಮ್ರಕ್ಕೋಸ್ಕರ. ನೀನು ಅವತ್ತು ಕೇಳಿದ್ಯಲ್ಲ, ಆ ಸದ್ದು ಅದೇ. ಅದು ಬಾರಿಸೋ ಸದ್ದಲ್ಲ ಬೇಟಿ, ತಂತಿ ಸಾಯೋ ಸದ್ದು."

ಪ್ರಮೋದಾ ಮಾಸ್ಕು ತೆಗೆದಳು. ಪೋಸ್ಟರುಗಳಲ್ಲಿ ನಗುವ ಆ ಮುಖ ಬಿಳಿಚಿಕೊಂಡಿತ್ತು. "ಹದಿನೈದು ವರ್ಷ ಮಾಮಾ" ಎಂದಳು. "ಯಾವ ಊರಿಗೆ ಹೋದ್ರೂ ಪಿಯಾನೋ ಮುಂದೆ ಕೂತ ತಕ್ಷಣ ಎಡಗಡೆ ಕೊನೇದನ್ನ ಒತ್ತಿ ನೋಡ್ತೀನಿ. ಇದಲ್ಲ, ಇದೂ ಅಲ್ಲ ಅಂತ. ಎಲ್ಲಾದ್ರೂ ಇರತ್ತೆ ಅನ್ಕೊಂಡಿದ್ದೆ. ಒಂದು ಮಾತು ಹೇಳಕ್ಕೆ ಆಗ್ಲಿಲ್ವಾ ನಿಮಗೆ?"

"ಆಗ್ಲಿಲ್ಲಮ್ಮ."

ಅವಳು ಎದ್ದು ಗೋಡೆಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಹೋಗಿಬಿಡುತ್ತಾಳೆ ಎಂದುಕೊಂಡ ಲಾಲ್ ಸಾಬ್. ಚಹಾ ಆರಿತು. ಭೀಮರಾಜ್ ಎಲ್ಲಿ ನೋಡಬೇಕೆಂದು ತಿಳಿಯದೆ ಹೊಸ ತಂತಿಗಳ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿದ. ಸ್ವಲ್ಪ ಹೊತ್ತಿಗೆ ಅವಳು ಗೋಡೆಯಾಚೆಗೆ ಕೂಗಿದಳು. "ಅಮ್ಮಾ, ಮಗ್ಗ ನಿಲ್ಸು!"

"ಯಾಕೇ?" ಎಂದು ಆ ಕಡೆಯಿಂದ ಮುನಿವೆಂಕಟಮ್ಮ.

"ನಿಲ್ಸಮ್ಮ ಅಂದ್ರೆ!"

ಯಾರ ಮಾತಿಗೂ ಮಗ್ಗ ನಿಲ್ಲಿಸದ ಮುನಿವೆಂಕಟಮ್ಮ ನಿಲ್ಲಿಸಿದಳು. ನಾಲ್ಕು ಮಗ್ಗಗಳೂ ಒಂದೊಂದಾಗಿ ಸುಮ್ಮನಾದವು. ಪ್ರಮೋದಾ ವಾಪಸು ಬಂದು ಪಿಯಾನೋದ ಮುಂದೆ ಕೂತಳು.

"ಆ ಪ್ಲೇಯರ್ ಇನ್ನೂ ಇದೆಯಾ?"

ಲಾಲ್ ಸಾಬ್ ಜೇಬಿನಿಂದ ತೆಗೆದು ತೋರಿಸಿದ. ಹಿಡಿಯ ಕೆಂಪು ಪ್ಲಾಸ್ಟಿಕ್ಕು ಸವೆದು ಕಬ್ಬಿಣ ಕಾಣುತ್ತಿತ್ತು.

"ಭೀಮರಾಜಣ್ಣ, ಹೊಸ ತಂತಿ ತುದಿ ಕತ್ತರಿಸ್ಬೇಕಲ್ವಾ ಹಾಕೋವಾಗ? ನೀವು ಅಳತೆ ಹಿಡೀರಿ ಸಾಕು. ಮಾಮ ಕತ್ತರಿಸ್ತಾರೆ" ಎಂದಳು. "ಹನ್ನೊಂದನೇದನ್ನ ಮಾತ್ರ ಮುಟ್ಬೇಡಿ. ಅದು ಹಂಗೇ ಇರ್ಲಿ."

ಭೀಮರಾಜ್ ಒಂದೊಂದೇ ತಂತಿಯನ್ನು ಕೆಳಗಿನ ಕೊಕ್ಕೆಗೆ ಸಿಕ್ಕಿಸಿ, ಮೇಲಿನ ಆಣಿಯವರೆಗೆ ಎಳೆದು, "ಇಲ್ಲಿ" ಎಂದು ಬೆರಳಿಟ್ಟು ತೋರಿಸಿದ. ಲಾಲ್ ಸಾಬ್ ಅಲ್ಲಿ ಪ್ಲೇಯರ್ ಹಾಕಿದ. ಮೊದಲನೆಯದನ್ನು ಕತ್ತರಿಸಲು ಎರಡು ಸಲ ಒತ್ತಬೇಕಾಯಿತು. ನಾಲ್ಕನೆಯ ಹೊತ್ತಿಗೆ ಕೈ ಹತೋಟಿಗೆ ಬಂತು. ಹತ್ತೂ ಮುಗಿದು, ಭೀಮರಾಜ್ ಬಿಗಿಸಿ ಶ್ರುತಿಗೆ ತರುವಷ್ಟರಲ್ಲಿ ಮಸೀದಿಯಿಂದ ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳಿತು. ಅದು ಮುಗಿಯುವವರೆಗೆ ಕಾದು, ಪ್ರಮೋದಾ ಎಡಗಡೆಯ ಕೊನೆಯ ಕೀಯನ್ನು ಒತ್ತಿದಳು. ದನಿ ಗುಂಡಗೆ, ನಿಧಾನವಾಗಿ ಎದ್ದು ಗೋಡೆ ದಾಟಿ ಹೋಯಿತು.

"ಇದಲ್ಲ" ಎಂದಳು. ಕಣ್ಣು ಒರೆಸಿಕೊಂಡು, ಮತ್ತೊಮ್ಮೆ ಒತ್ತಿ, "ಆದ್ರೆ ಚೆನ್ನಾಗಿದೆ ಮಾಮಾ" ಎಂದಳು.

ನೆಲದ ಮೇಲೆ ಬಿದ್ದಿದ್ದ ಹತ್ತು ತುದಿಗಳನ್ನು ಲಾಲ್ ಸಾಬ್ ಆರಿಸಿಕೊಂಡ. ತಾಮ್ರವಿಲ್ಲದ ಬರೀ ಉಕ್ಕಿನ ತುಂಡುಗಳು. ಯಾವ ಗುಜರಿಯವನೂ ಬಗ್ಗಿ ಎತ್ತಿಕೊಳ್ಳುವಂಥವಲ್ಲ.

ಭಾನುವಾರ ಸಂಜೆ ಕ್ರೀಡಾಂಗಣದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳುವಂತಿರಲಿಲ್ಲ. ಒದೆಯೋ ಪ್ರಮೋದಾ ಎಂದು ನಕ್ಕಿದ್ದ ಬೀದಿಯೆಲ್ಲ ಹೊಸ ಬಟ್ಟೆಯುಟ್ಟು ಬಂದಿತ್ತು. ಮುಂದಿನ ಸಾಲಿನಲ್ಲಿ ಮುನಿವೆಂಕಟಮ್ಮ, ಅವಳ ಪಕ್ಕ ಅನ್ವರ್ ಬೇಗಂ, ತುದಿಯಲ್ಲಿ ಇಸ್ತ್ರಿಯ ಬಿಳಿ ಶರ್ಟು ಹಾಕಿದ ಲಾಲ್ ಸಾಬ್. ವೇದಿಕೆಯ ಮೇಲೆ, ಅಷ್ಟು ದೀಪಗಳ ನಡುವೆ, ಬಣ್ಣ ಹೋದ ಆ ಗುಜರಿ ಪಿಯಾನೋ. ಪ್ರಮೋದಾ ಬಂದಳು, ಜನರಿಗೆ ಕೈಮುಗಿದಳು, ಕೂತಳು. ಎಡಗೈ ಕೊನೆಯ ಹತ್ತು ಕೀಗಳ ಮೇಲೆ ಮೆಲ್ಲಗೆ ಇಳಿದು, ಒಂದೊಂದನ್ನೇ ಮಾತಾಡಿಸುತ್ತಾ ಮೇಲೆ ಬಂದು, ಹನ್ನೊಂದನೆಯದರ ಮೇಲೆ ನಿಂತಿತು. ಅಲ್ಲಿಂದ ಹಾಡು ಶುರುವಾಯಿತು. ಬಲಗಾಲು ಮೇಲೆದ್ದಿತು.

ಇಡೀ ಊರು ನೆಲ ಒದೆಯಿತು. ಕುರ್ಚಿ ಅದುರಿತು. ಲಾಲ್ ಸಾಬನ ಶರ್ಟಿನ ಜೇಬಿನೊಳಗೆ ಏನೋ ಕಿಣಿಕಿಣಿ ಎಂದಿತು.

"ಏನ್ ಜೀ ಅದು ಜೇಬಲ್ಲಿ?" ಎಂದು ಅನ್ವರ್ ಬೇಗಂ ಕಿವಿಯ ಹತ್ತಿರ ಬಾಗಿ ಕೇಳಿದಳು.

"ಏನಿಲ್ಲ, ಗುಜರಿ" ಎಂದ ಲಾಲ್ ಸಾಬ್. ಮುಂದಿನ ಒದೆತಕ್ಕೆ ಅವನ ಕಾಲೂ ಮೇಲೆದ್ದಿತ್ತು.